ಹೆನ್ರಿ ಕೋವೆಲ್‌ನಲ್ಲಿ ಎರಡು ರಾತ್ರಿ: 35 ಡಾಲರ್ ಸೈಟಿನ ಪೂರ್ತಿ ಲೆಕ್ಕ

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಹತ್ತಿರದ ಹೆನ್ರಿ ಕೋವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿನಲ್ಲಿ ಕ್ಯಾಂಪಿಂಗ್: ಮೂರು ಮನೆಯವರು, ಮಕ್ಕಳೂ ಸೇರಿ 12 ಜನ, ಮೂರು ಕಾರು, ಜುಲೈನಲ್ಲಿ ಶುಕ್ರವಾರ ಮತ್ತು ಶನಿವಾರ ರಾತ್ರಿ. ಸೈಟಿಗೆ, ಅಂದರೆ ಡೇರೆ ಹಾಕುವ ಒಂದು ಜಾಗಕ್ಕೆ, ರಾತ್ರಿಗೆ 35 ಡಾಲರ್ ಅಂತಿದೆ, ಕೊನೆಗೆ ಎಷ್ಟು ಬೀಳುತ್ತೆ ಅಂತ ಕೇಳಿದ್ದೀರಿ.

ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕುಗಳಲ್ಲಿ ಮಾಮೂಲಿ ಸೈಟಿಗೆ 8 ಜನರ ಮಿತಿ. ಕೂಸೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನಿಮಗೆ ಎರಡು ಸೈಟು ಬೇಕೇ ಬೇಕು: 35 × 2 ಸೈಟು × 2 ರಾತ್ರಿ = 140. ಬುಕಿಂಗ್ ಶುಲ್ಕ 8 ಡಾಲರ್ ಚಿಲ್ಲರೆ. ಅದು ರಾತ್ರಿಗಲ್ಲ, ಪ್ರತಿ ಸೈಟಿನ ಬುಕಿಂಗಿಗೆ, ಹಾಗಾಗಿ 16 ಚಿಲ್ಲರೆ. ಸೈಟಿನ ಬಾಡಿಗೆಯಲ್ಲಿ ಒಂದು ಕಾರು ಸೇರಿರುತ್ತದೆ. ಮೂರನೇ ಕಾರಿಗೆ ರಾತ್ರಿಗೆ 10ರಂತೆ 20, ಅದನ್ನು ಗೇಟಿನಲ್ಲಿ ಕಟ್ಟಬೇಕು. ಒಟ್ಟು 176 ಚಿಲ್ಲರೆ, ಮನೆಗೆ 59ರ ಹತ್ತಿರ. ಎರಡೇ ಕಾರಿನಲ್ಲಿ ಹಿಡಿಸಿಕೊಂಡರೆ 20 ಉಳಿಯಿತು.

ಎರಡು ದಿನ ಬೇರೆ ಬೇರೆಯಾಗಿ ಒಂದೊಂದು ರಾತ್ರಿ ಬುಕ್ ಮಾಡಿದರೆ ಶುಲ್ಕ ಎರಡೆರಡು ಸಲ ಬೀಳುತ್ತದೆ. ಬಹಳ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಒಂದೇ ಸೈಟಿನಲ್ಲಿ ಎರಡೂ ರಾತ್ರಿ ಒಟ್ಟಿಗೆ ಹಿಡಿಯಿರಿ.

ಸ್ಟೇಟ್ ಪಾರ್ಕುಗಳ 195 ಡಾಲರಿನ ವಾರ್ಷಿಕ ಪಾಸ್ ಇದೆ ಅಂದಿರಿ. ಅದು ಹಗಲಿನ ಪಾರ್ಕಿಂಗಿಗೆ ಮಾತ್ರ, ಕ್ಯಾಂಪಿಂಗಿಗೆ ಒಂದು ಪೈಸೆಯೂ ಕಡಿಮೆಯಾಗದು. ಅಪ್ಪ ಅಮ್ಮ ಊರಿಂದ ಬಂದಿದ್ದು 62 ದಾಟಿದ್ದರೆ ರಾತ್ರಿಗೆ 2 ಡಾಲರ್ ರಿಯಾಯಿತಿ ಉಂಟು. ಬುಕ್ ಮಾಡುವಾಗಲೇ ಅದನ್ನು ಆರಿಸಿ, ಅವರ ಪಾಸ್‌ಪೋರ್ಟ್ ಜೊತೆಗಿರಲಿ. ಟೆಕ್ಸಸ್‌ನ ಲೆಕ್ಕ ಬೇರೆ. ಅಲ್ಲಿ ಸೈಟಿನ ಬಾಡಿಗೆಯ ಮೇಲೆ 13 ವರ್ಷ ತುಂಬಿದವರಿಗೆಲ್ಲ ದಿನಕ್ಕೆ ತಲೆಗಿಷ್ಟು ಅಂತ ಪ್ರವೇಶ ಶುಲ್ಕ, ಅಲ್ಲಿಯ ವಾರ್ಷಿಕ ಪಾಸ್ ಇದ್ದರೆ ಆ ಕಾರಿನಲ್ಲಿ ಬಂದವರಿಗೆಲ್ಲ ಅದು ಮಾಫಿ. ಆಸ್ಟಿನ್ ನೆಂಟರು ಹೇಳಿದ್ದನ್ನು ಇಲ್ಲಿಗೆ ಹಚ್ಚಬೇಡಿ.

ಸೈಟು ಸಿಗುವುದೇ ಕಷ್ಟದ ಕೆಲಸ. ಬುಕಿಂಗ್ ಆರು ತಿಂಗಳ ಮುಂಚೆ, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಜುಲೈ 17ಕ್ಕೆ ಹೋಗುವವರು ಜನವರಿ 17ರಂದು 7:50ಕ್ಕೇ ಲಾಗಿನ್ ಆಗಿ, ಕಾರ್ಡ್ ವಿವರ ಸೇರಿಸಿಟ್ಟು, ಅಕ್ಕಪಕ್ಕದ ನಾಲ್ಕೈದು ಸೈಟ್ ನಂಬರು ಬರೆದಿಟ್ಟುಕೊಂಡು ಕೂತಿರಬೇಕು. ಇಬ್ಬರು ಒಂದೊಂದು ಸೈಟಿಗೆ ಪ್ರಯತ್ನಿಸಿ. ಆದರೂ 8ಕ್ಕೆ ನೋಡುವಾಗಲೇ ಶುಕ್ರವಾರ ರಾತ್ರಿಯ ಸೈಟು ಹೋಗಿರುತ್ತದೆ. ಗುರುವಾರದಿಂದ ಬರುವವರಿಗೆ ಬುಕಿಂಗ್ ಒಂದು ದಿನ ಮುಂಚೆಯೇ ತೆರೆಯುತ್ತದೆ, ಅವರು ಆಗಲೇ ಶುಕ್ರ, ಶನಿ ಸೇರಿಸಿ ಹಿಡಿದಿರುತ್ತಾರೆ, ಕಾರಣ ಅಷ್ಟೇ. ನೀವೂ ಹಾಗೆ ಮಾಡಬಹುದು, ಆದರೆ ಗುರುವಾರ ನಿಜಕ್ಕೂ ಹೋಗುವುದಿದ್ದರೆ ಮಾತ್ರ. ದುಡ್ಡು ಕಟ್ಟಿ ಖಾಲಿ ಬಿಟ್ಟ ಸೈಟು ಇನ್ನೊಂದು ಮನೆಯ ಮಕ್ಕಳಿಗೆ ತಪ್ಪಿದ ರಾತ್ರಿ.

ಹೋಗಲಾಗದು ಅನಿಸಿದ ಕೂಡಲೇ ರದ್ದು ಮಾಡಿ. ಬುಕಿಂಗ್ ಶುಲ್ಕ ಹೇಗಿದ್ದರೂ ವಾಪಸ್ ಬರುವುದಿಲ್ಲ. ಕೊನೆಯ ವಾರಕ್ಕೆ ಬಿಟ್ಟರೆ ಮೊದಲ ರಾತ್ರಿಯ ಬಾಡಿಗೆಯೂ ಹೋಗುತ್ತದೆ. ಬೇರೆಯವರು ರದ್ದು ಮಾಡಿದ ಸೈಟುಗಳೂ ಹೊರಡುವ ವಾರ, ಹತ್ತು ದಿನದ ಮುಂಚೆಯೇ ಹೆಚ್ಚು ಕಣ್ಣಿಗೆ ಬೀಳುವುದು. ಆಗ ದಿನಾ ಎರಡು ಸಲ ನೋಡಿ.

ಸೌದೆ ಮನೆಯಿಂದ ಒಯ್ಯಬೇಡಿ. ಓಕ್ ಮರ ಕೊಲ್ಲುವ ಹುಳ, ರೋಗ ಸೌದೆಯ ಜೊತೆ ಪ್ರಯಾಣ ಮಾಡುತ್ತವೆ. ಕಾಡಿನಲ್ಲಿ ಬಿದ್ದ ಕಡ್ಡಿ ಆರಿಸುವುದಕ್ಕೂ ಬಿಡುವುದಿಲ್ಲ. ಪಾರ್ಕಿನಲ್ಲೇ ಕಟ್ಟು ಕೊಂಡರೆ ರಾತ್ರಿಗೆ ಸೈಟೊಂದಕ್ಕೆ ಎರಡು ಸಾಕು. ಒಣ ಬೇಸಿಗೆಯಲ್ಲಿ ಬೆಂಕಿಗೆ ನಿಷೇಧ ಬೀಳಬಹುದು, ಹಾಗಾಗಿ ಅಡುಗೆಗೆ ಎರಡು ಬರ್ನರಿನ ಗ್ಯಾಸ್ ಸ್ಟೋವ್, ಒಂದು ಪೌಂಡಿನ ಮೂರು ಸಿಲಿಂಡರ್ ಇರಲಿ. ದೋಸೆ ಹಿಟ್ಟಿನ ಡಬ್ಬ ಐಸ್‌ನಲ್ಲಿ, ಐಸ್ ಪೆಟ್ಟಿಗೆ ಕಾರಿನೊಳಗೆ. ಹೊರಗೆ ಬಿಟ್ಟರೆ ರಕೂನ್ ಮುಚ್ಚಳ ಎತ್ತಿಬಿಡುತ್ತದೆ.

ಕ್ಯಾಂಪಿನ ಗೇಟು ಗ್ರಹಾಂ ಹಿಲ್ ರಸ್ತೆಯಲ್ಲಿದೆ. ದೊಡ್ಡ ರೆಡ್‌ವುಡ್ ತೋಪಿನ ದಾರಿ ಫೆಲ್ಟನ್‌ನ ಹೈವೇ 9ರಲ್ಲಿ. ಮ್ಯಾಪಿನಲ್ಲಿ ಬರೀ ಪಾರ್ಕಿನ ಹೆಸರು ಹಾಕಿದರೆ ಅಲ್ಲಿಗೇ ಹೋಗಿ ನಿಲ್ಲುತ್ತೀರಿ. ಸೈಟಿಗೆ ಪ್ರವೇಶ ಮಧ್ಯಾಹ್ನ 2ಕ್ಕೆ, ಖಾಲಿ ಮಾಡುವುದು 12ಕ್ಕೆ. ರಾತ್ರಿ 10ರ ಮೇಲೆ ಸದ್ದು ಮಾಡುವಂತಿಲ್ಲ, ಅಂತ್ಯಾಕ್ಷರಿ ಅಷ್ಟರೊಳಗೆ ಮುಗಿಸಿ.