ಹಗ್ಗ ಹಿಡಿದವಳಿಗೇ ಕೆಲಸ ಹೆಚ್ಚು

ವಯಸ್ಕ ಓದುಗರ ಪ್ರಶ್ನೋತ್ತರ. ಹೆಣ್ಣು ಆಳುವ, ಗಂಡು ಅಧೀನನಾಗುವ ಆಟದ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿದ್ದೇವೆ.

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಗಂಡ ಬಾಯಿಬಿಟ್ಟಿದ್ದಾರೆ, "ನೀನು ನನ್ನನ್ನು ಆಳಬೇಕು" ಅಂತ. ನನಗೆ ಅಸಹ್ಯವೇನಿಲ್ಲ. ಆದರೆ ಗದರಲು ಹೊರಟರೆ ನಗು ಬರುತ್ತದೆ ಮಾರಾಯ್ರೆ! ಎಲ್ಲಿಂದ ಶುರು ಮಾಡಲಿ? — ಕದ್ರಿ

ಗದರಲೇಬೇಕೆಂದು ಯಾರು ಹೇಳಿದರು? ಚರ್ಮದ ಉಡುಪು, ಚಾಟಿ, ಬೈಗುಳ ಎಲ್ಲ ವಿಡಿಯೊದವರ ಅಲಂಕಾರ. ಆಳುವುದೆಂದರೆ ಅಷ್ಟು ಹೊತ್ತಿನ ಮಟ್ಟಿಗೆ ತೀರ್ಮಾನ ನಿಮ್ಮದು, ಹೊಣೆಯೂ ನಿಮ್ಮದು. "ನಾನು ಹೇಳುವ ತನಕ ಅಲ್ಲೇ ಕೂತಿರು" ಎಂದು ಮೆತ್ತಗೆ ಹೇಳಿ ನೀವು ಪುಸ್ತಕ ಓದುತ್ತಾ ಕೂತರೂ ಆಟ ಶುರುವಾದಂತೆಯೇ. ನಗು ಬಂದರೆ ನಕ್ಕುಬಿಡಿ, ಏನೂ ಕೆಡುವುದಿಲ್ಲ.

ಮಾತುಕತೆ ಮಾತ್ರ ಹಾಸಿಗೆಯಲ್ಲಿ ಬೇಡ. ಭಾನುವಾರ ನೀರುದೋಸೆ ಮುಗಿದ ಮೇಲೆ ಒಂದೊಂದು ಹಾಳೆ ತೆಗೆದುಕೊಂಡು ಇಬ್ಬರೂ ಬೇರೆಬೇರೆ ಬರೆಯಿರಿ: ಆಗಬಹುದು, ನೋಡೋಣ, ಬೇಡವೇ ಬೇಡ. ಆಮೇಲೆ ಹಾಳೆ ಬದಲಾಯಿಸಿಕೊಳ್ಳಿ. "ಹೊಡೆತ ಆಗಬಹುದು" ಎಂದಷ್ಟೇ ಬರೆದರೆ ಸಾಲದು. ಎಲ್ಲಿಗೆ, ಯಾವುದರಿಂದ, ಗುರುತು ಉಳಿಯಬಹುದೇ ಎಂಬುದೂ ಬರಬೇಕು. ಮರುದಿನ ದೇವಸ್ಥಾನದಲ್ಲಿ ಅಂಗಿ ಕಳಚಬೇಕಾದವರ ಬೆನ್ನಿನ ಮೇಲೆ ಬರೆ ಇದ್ದರೆ ಹೇಗಾದೀತು?

ಸೇಫ್‌ವರ್ಡ್ ಇಟ್ಟುಕೊಳ್ಳಿ. "ಕೆಂಪು" ಎಂದರೆ ಆ ಕ್ಷಣವೇ ನಿಲ್ಲಿಸಬೇಕು, "ಹಳದಿ" ಎಂದರೆ ನಿಧಾನಿಸಬೇಕು. "ಬೇಡ", "ಸಾಕು" ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಆಟದ ರಂಗಿನಲ್ಲೂ ಆ ಮಾತು ಬಾಯಿಗೆ ಬರುತ್ತದೆ. ಬಾಯಿಗೆ ಬಟ್ಟೆ ಕಟ್ಟುವುದಾದರೆ ಕೈಗೆ ಬೀಗದ ಕೈ ಗೊಂಚಲು ಕೊಡಿ. ಅದು ಕೆಳಗೆ ಬಿದ್ದರೆ "ಕೆಂಪು" ಎಂದೇ ಲೆಕ್ಕ. ಮೊದಲ ಸಲ ಇಪ್ಪತ್ತು ನಿಮಿಷ, ಒಂದೇ ಆಜ್ಞೆ, ಅಷ್ಟು ಸಾಕು.

ಸಾಮಾನ್ಯವಾಗಿ ಕೆಡುವುದು ಎಲ್ಲಿ ಗೊತ್ತೇ? ಗಂಡ ಮಂಡಿಯೂರಿ ಕೂತುಕೊಂಡೇ "ಈಗ ಹೀಗೆ ಮಾಡು, ಹಾಗಲ್ಲ ಹೀಗೆ" ಎಂದು ನಿರ್ದೇಶನ ಶುರು ಮಾಡುತ್ತಾನೆ. ಹತ್ತು ವರ್ಷದಿಂದ ತಲೆಯೊಳಗೆ ಬರೆದಿಟ್ಟ ನಾಟಕ ಅವನದು, ನೀವು ಅದರಲ್ಲಿ ಪಾತ್ರಧಾರಿ ಮಾತ್ರ. ಆಗ ಕೋಪಿಸಿಕೊಳ್ಳಬೇಡಿ, ಆಟ ನಿಲ್ಲಿಸಿ. ಅವನ ಪಟ್ಟಿಯಲ್ಲಿ ನಿಮಗೂ ಇಷ್ಟವಾದದ್ದನ್ನು ಮಾತ್ರ ಉಳಿಸಿ ಮುಂದಿನ ವಾರ ನೋಡಿ. ಇನ್ನೊಂದು ವಿಷಯ: ಮುಗಿದ ಮೇಲೆ ಅರ್ಧ ಗಂಟೆ ಪಕ್ಕದಲ್ಲೇ ಇರಿ. ನೀರು, ಹೊದಿಕೆ, ತುಸು ಸಿಹಿ. ಮರುದಿನ ಕಾರಣವಿಲ್ಲದೆ ಮನಸ್ಸು ಕುಗ್ಗುವುದುಂಟು. ಅದು ಅವರಿಗಷ್ಟೇ ಅಲ್ಲ, ಆಳಿದ ನಿಮಗೂ ಆಗಬಹುದು.

ಪ್ರಶ್ನೆ: ಬಂದರಿನ ಹತ್ತಿರ ಸಿಗುವ ನೈಲಾನ್ ಹಗ್ಗ ನಡೆಯುತ್ತದೆಯೇ? ಕಳೆದ ಸಲ ರೇಷ್ಮೆ ದುಪಟ್ಟಾದಲ್ಲಿ ಮಣಿಕಟ್ಟು ಕಟ್ಟಿ, ಗಂಟು ಬಿಚ್ಚಲಾಗದೆ ಕತ್ತರಿ ಹುಡುಕುವಂತಾಯಿತು. — ಮಲ್ಪೆ

ದುಪಟ್ಟಾ ಮೃದು, ಆದ್ದರಿಂದ ಅಪಾಯವಿಲ್ಲ ಎಂಬುದು ಎಲ್ಲರೂ ಮಾಡುವ ತಪ್ಪು. ತೆಳು ರೇಷ್ಮೆ ಎಳೆದಷ್ಟೂ ದಾರದಂತಾಗಿ ಚರ್ಮಕ್ಕೆ ಇಳಿಯುತ್ತದೆ, ಗಂಟು ಕಲ್ಲಾಗುತ್ತದೆ. ದೋಣಿಯ ನೈಲಾನ್ ಇದಕ್ಕೆ ತದ್ವಿರುದ್ಧ: ಗಂಟು ಜಾರುತ್ತದೆ, ಬಿರುಸಾಗಿ ಎಳೆದರೆ ಚರ್ಮ ಸುಡುತ್ತದೆ. ತೆಂಗಿನ ನಾರಿನ ಹಗ್ಗ ಬಾವಿಗೇ ಇರಲಿ. ಬೇಕಾದದ್ದು 6 ಮಿಲಿಮೀಟರ್ ದಪ್ಪದ ಸೆಣಬಿನ ಹಗ್ಗ, ಒಂದು ತುಂಡು 7ರಿಂದ 8 ಮೀಟರ್. ಹೊಸ ಸೆಣಬಿಗೆ ಸೀಮೆಎಣ್ಣೆಯಂಥ ವಾಸನೆಯಿದ್ದರೆ ಎರಡು ದಿನ ಗಾಳಿಗೆ ಹಾಕಿ. ಗ್ಯಾಸಿನ ಉರಿಯ ಮೇಲೆ ನಿಲ್ಲಿಸದೆ ಸರಸರ ಹಾಯಿಸಿದರೆ ಮೇಲಿನ ಜುಂಗು ಸುಟ್ಟುಹೋಗುತ್ತದೆ, ಬಟ್ಟೆಯಿಂದ ಒರೆಸಿಬಿಡಿ. ಇಷ್ಟೆಲ್ಲ ಉಸಾಬರಿ ಬೇಡವೆಂದರೆ ಹತ್ತಿಯ ಬೈರಾಸನ್ನು (ಟವೆಲನ್ನು) ಐದು ಸೆಂಟಿಮೀಟರ್ ಅಗಲಕ್ಕೆ ಮಡಚಿಕೊಳ್ಳಿ. ಕಲಿಯುವವರಿಗೆ ಅದೇ ಉತ್ತಮ.

ಕಟ್ಟುವ ಕ್ರಮ ಹೀಗೆ. ಹಗ್ಗವನ್ನು ಸರಿಯಾಗಿ ನಡುವಿಗೆ ಮಡಚಿ. ಆ ಮಡಿಕೆಯೇ ನಿಮ್ಮ ಕುಣಿಕೆ. ಜೋಡಿ ಎಳೆಯನ್ನು ಮಣಿಕಟ್ಟಿನ ಸುತ್ತ ಎರಡು ಸುತ್ತು ತನ್ನಿ. ಎಳೆಗಳು ಒಂದರ ಪಕ್ಕ ಒಂದು ಚಪ್ಪಟೆಯಾಗಿ ಕೂರಬೇಕು, ಒಂದರ ಮೇಲೊಂದು ಹತ್ತಬಾರದು, ಹತ್ತಿದ ಕಡೆಯೇ ಒತ್ತುತ್ತದೆ. ಈಗ ಕುಣಿಕೆಯನ್ನು ಉದ್ದದ ಎಳೆಗೆ ಅಡ್ಡ ತಂದು, ಎಲ್ಲ ಸುತ್ತುಗಳ ಅಡಿಯಿಂದ ತೂರಿಸಿ ಹೊರಗೆಳೆಯಿರಿ. ಸುತ್ತುಗಳಿಗೆ ಬೀಗ ಹಾಕುವುದು ಇದೇ. ಅವಸರದಲ್ಲಿ ಇದನ್ನು ಬಿಟ್ಟು ಮೇಲೆ ಗಂಟು ಹಾಕಿದರೆ ಎಳೆದಾಗ ಇಡೀ ಕಟ್ಟು ಉರುಳಿನಂತೆ ಬಿಗಿಯುತ್ತದೆ. ಕೊನೆಗೆ ಕುಣಿಕೆ ಮತ್ತು ಉದ್ದದ ಎಳೆಯಿಂದ ಚೌಕಗಂಟು: ಮೊದಲು ಬಲ ಎಡದ ಮೇಲೆ, ಮತ್ತೆ ಎಡ ಬಲದ ಮೇಲೆ. ಎರಡೂ ಸಲ ಒಂದೇ ದಿಕ್ಕಿಗೆ ಹಾಕಿದರೆ ಗಂಟು ಓರೆಯಾಗಿ ಜಾರುತ್ತದೆ. ಕಟ್ಟಿನೊಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಎಳೆದು ನೋಡಿ, ಬಿಗಿಯಾದರೆ ಬಿಚ್ಚಿ ಮೊದಲಿನಿಂದ ಕಟ್ಟಿ.

ನಿಜವಾದ ಕೆಲಸ ಶುರುವಾಗುವುದು ಕಟ್ಟಿದ ಮೇಲೆ. ಕೈ ನೀಲಿಯಾಗಿ ತಣ್ಣಗಾದರೆ ರಕ್ತದ ಓಡಾಟ ಕಡಿಮೆಯಾಗಿದೆ ಎಂದರ್ಥ, ಸಡಿಲಿಸಬೇಕು. ಅದಕ್ಕಿಂತ ಕೆಟ್ಟದ್ದು ಜುಮುಜುಮು, ಕರೆಂಟು ಹೊಡೆದಂಥ ಸೆಳೆತ, ಬೆರಳಿನ ಬಲ ಕುಂದುವುದು. ಅದು ನರದ ದೂರು. ಒಂದು ನಿಮಿಷವೂ ಕಾಯದೆ ಬಿಚ್ಚಬೇಕು. ರೇಡಿಯಲ್ ನರ ಮೇಲ್ತೋಳಿನ ಎಲುಬನ್ನು ಬಳಸಿಕೊಂಡು ಹೊರಬದಿಗೆ ಬರುತ್ತದೆ. ಅಲ್ಲಿ ಹಗ್ಗ ಒತ್ತಿದರೆ ಮಣಿಕಟ್ಟು ಜೋತುಬೀಳುತ್ತದೆ, ಸರಿಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಆದ್ದರಿಂದ ಕಟ್ಟುವ ಮೊದಲೊಮ್ಮೆ, ಆಮೇಲೆ ಎರಡು ಮೂರು ನಿಮಿಷಕ್ಕೊಮ್ಮೆ ಪರೀಕ್ಷಿಸಿ: ಬಸ್ಸು ನಿಲ್ಲಿಸುವವರಂತೆ ಅಂಗೈ ಹಿಂದಕ್ಕೆ ಎತ್ತಲು ಬರುತ್ತದೆಯೇ? ಬೆರಳು ಅಗಲಿಸಲು? ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು? ಬಿಚ್ಚಿದ ಮೇಲೂ ಬಲ ಬಾರದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ, ತೋಳಿಗೆ ಹಗ್ಗ ಒತ್ತಿತ್ತು ಎಂದು ಇದ್ದದ್ದನ್ನು ಇದ್ದಂತೆ ಹೇಳಿ.

ಕಂಕುಳು, ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗಕ್ಕೆ ಹಗ್ಗ ಬೇಡ. ಕುತ್ತಿಗೆಗಂತೂ ಯಾವ ಕಾರಣಕ್ಕೂ ಬೇಡ. ಕಟ್ಟಿದವರನ್ನು ಬಿಟ್ಟು ಬಾಗಿಲಾಚೆಗೂ ಹೋಗಬೇಡಿ. ತುದಿ ಮೊಂಡಾದ ಬ್ಯಾಂಡೇಜು ಕತ್ತರಿ ಕೈಗೆಟಕುವಲ್ಲಿ ಇರಲಿ. ಹಂಚಿನ ಮನೆಯ ಪಕ್ಕಾಸಿಗೆ ಹಗ್ಗ ಬಿಗಿದು ನೇತಾಡಿಸುವ ಯೋಚನೆಯಿದ್ದರೆ ಈಗಲೇ ಕೈಬಿಡಿ. ಒಳಗೊಳಗೇ ಗೆದ್ದಲು ತಿಂದದ್ದು ಹೊರಗೆ ಕಾಣುವುದಿಲ್ಲ.

ಪ್ರಶ್ನೆ: ನನಗೆ 56, ಅವರಿಗೆ 61. ಅವರಿಗೆ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಯೂ ಇದೆ. ಬೆತ್ತದಲ್ಲಿ ಮೆಲ್ಲಗೆ ಹೊಡೆಯಬಹುದೇ? — ಕಾರ್ಕಳ

ಬೇಡ. ಆ ಮಾತ್ರೆ ತಿನ್ನುವವರಿಗೆ ಸಣ್ಣ ಏಟೂ ಚರ್ಮದಡಿ ದೊಡ್ಡ ಕಂದುಗಟ್ಟಾಗುತ್ತದೆ. ಸಕ್ಕರೆಯಿಂದ ನರ ಸೋತಿದ್ದರೆ ಮೇಲೆ ಹೇಳಿದ ಜುಮುಜುಮು ಎಚ್ಚರಿಕೆಯೂ ಸಿಗುವುದಿಲ್ಲ. ಹಾಗಾಗಿ ಕಟ್ಟುವುದೂ ಬೇಡ, ಪಾದದ ಆಟವೂ ಬೇಡ. ಕಾವಿ ನೆಲದ ಮೇಲೆ ಮಂಡಿಯೂರಿಸುವುದಾದರೆ ದಿಂಬು ಹಾಕಿ, ಹತ್ತು ನಿಮಿಷ ಮೀರದಿರಲಿ. ಊಟವಾಗಿ ಒಂದೆರಡು ಗಂಟೆಯ ಮೇಲೆ ಆಡಿ, ಗ್ಲೂಕೋಸ್ ಪಕ್ಕದಲ್ಲಿರಲಿ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ವಯಾಗ್ರದ ಜಾತಿಯ ಮಾತ್ರೆ ನುಂಗಲೇಬಾರದು, ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ಆಜ್ಞೆ, ಕಾಯಿಸುವುದು, ಕಣ್ಣು ಕಟ್ಟುವುದು, ಸೇವೆ ಮಾಡಿಸಿಕೊಳ್ಳುವುದು ಎಲ್ಲ ಉಳಿದೇ ಇದೆಯಲ್ಲ. ಈ ಆಟದ ತಿರುಳಂತೂ ಅಲ್ಲೇ ಇರುವುದು.

ಆರೋಗ್ಯವಂತರಿಗೆ ಎರಡು ಮಾತು. ಬಿದಿರಿನ ಕೋಲು ಟೊಳ್ಳು, ಸೀಳಿ ಸಿಬಿರು ಏಳುತ್ತದೆ. ಬೆತ್ತ ಗಟ್ಟಿ, ಬಾಗುತ್ತದೆ. ಬೀಳಬೇಕಾದದ್ದು ಪೃಷ್ಠದ ಕೆಳಭಾಗ ಮತ್ತು ತೊಡೆಯ ಹಿಂಭಾಗದ ಮಾಂಸಕ್ಕೆ. ಸೊಂಟದ ಮೇಲ್ಭಾಗದಲ್ಲಿ ಮೂತ್ರಪಿಂಡ, ನಡುವೆ ಬೆನ್ನೆಲುಬು, ತುದಿಯಲ್ಲಿ ಬಾಲದೆಲುಬು. ಇವು ಮೂರನ್ನೂ ಮುಟ್ಟಬಾರದು. ಬೆಲ್ಟಿನ ತುದಿ ಪಕ್ಕೆಗೆ ಸುತ್ತಿಕೊಂಡು ಅಲ್ಲೇ ಅತಿ ಜೋರಾಗಿ ಬಡಿಯುತ್ತದೆ, ಆದ್ದರಿಂದ ಮಡಚಿ ಹಿಡಿಯಿರಿ.

ಪ್ರಶ್ನೆ: ಮೇಣದ ಹನಿ ಬೀಳಿಸಲು ಯಾವ ಮೇಣದಬತ್ತಿ? — ಬಿಜೈ

ಸುವಾಸನೆಯಿಲ್ಲದ, ಬಣ್ಣವಿಲ್ಲದ ಸೋಯಾ ಮೇಣ ಅಥವಾ ಕಡಿಮೆ ಶಾಖಕ್ಕೆ ಕರಗುವ ಮೆದು ಪ್ಯಾರಾಫಿನ್. ಜೇನುಮೇಣ ಕರಗುವುದೇ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚರ್ಮಕ್ಕೆ ಅದು ಹೆಚ್ಚಾಯಿತು. ಮೊದಲ ಹನಿ ನಿಮ್ಮ ಮುಂಗೈಯ ಒಳಬದಿಗೆ. ಅರ್ಧ ಮೀಟರ್ ಎತ್ತರದಿಂದ ಶುರು ಮಾಡಿ. ಗಾಜಿನ ಲೋಟದಲ್ಲಿ ತುಂಬಿ ನಿಂತ ಮೇಣವನ್ನು ಒಮ್ಮೆಲೆ ಸುರಿದರೆ ಸುಡುವುದು ಖಂಡಿತ. ಕೂದಲಿರುವಲ್ಲಿ ಮೊದಲು ಎಣ್ಣೆ ಹಚ್ಚಿದರೆ ಮೇಣ ಸುಲಭವಾಗಿ ಏಳುತ್ತದೆ. ಆದರೆ ನಮ್ಮಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಯಾವ ಎಣ್ಣೆಯೇ ಆದರೂ ಲೇಟೆಕ್ಸ್ ಕಾಂಡೋಮನ್ನು ಶಿಥಿಲಗೊಳಿಸುತ್ತದೆ, ನೆನಪಿರಲಿ.

ಪ್ರಶ್ನೆ: ಇದೆಲ್ಲ ಪರದೇಶದ ಸರಕು ಎನ್ನುತ್ತಾರೆ ಗೆಳೆಯರು. ನಾನು ಚಿತ್ರ ಬರೆಯುವವ. ಆಳುವ ಹೆಣ್ಣಿಗೆ ನಮ್ಮ ಕಡೆಯ ಮಾದರಿ ಇದೆಯೇ? — ಕುಂದಾಪುರ

ಪರದೇಶದ್ದು ಹೆಸರು ಮಾತ್ರ. ಕಾಮಸೂತ್ರದ ಎರಡನೇ ಅಧಿಕರಣದಲ್ಲಿ ಉಗುರಿನ ಗುರುತಿಗೆ, ಹಲ್ಲಿನ ಗುರುತಿಗೆ, ಹೊಡೆತಕ್ಕೆ ಒಂದೊಂದು ಅಧ್ಯಾಯವಿದೆ. ಹೆಣ್ಣು ಮೇಲಾಗುವ ಪುರುಷಾಯಿತಕ್ಕೂ ಬೇರೆ ಅಧ್ಯಾಯವಿದೆ. ಹೊಡೆತದ ಅಧ್ಯಾಯದಲ್ಲಿ ನಮ್ಮ ಸೀಮೆಯದೇ ಒಂದು ಅಪಘಾತದ ಪ್ರಸ್ತಾಪ ಬರುತ್ತದೆ: ಕುಂತಲದ ಶಾತಕರ್ಣಿ 'ಕರ್ತರಿ' ಎಂಬ ಏಟಿನಿಂದ ರಾಣಿ ಮಲಯವತಿಯನ್ನು ಕೊಂದನೆಂದು. ನಾಗಾಲೋಟದ ಕುದುರೆಗೆ ಕಂಬ ಹೊಂಡ ಕಾಣದು ಎಂಬ ಹೋಲಿಕೆಯೂ ಅಲ್ಲೇ ಇದೆ. ಸೇಫ್‌ವರ್ಡಿನ ಅಗತ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನಮಗೂ ಬಾರದು.

ಚಿತ್ರದ ವಿಷಯ ಸ್ವಲ್ಪ ತಿರುವುಮುರುವು. ಜರ್ಮನ್ ಕಲಾವಿದ ಹಾನ್ಸ್ ಬಾಲ್ಡುಂಗ್ ಗ್ರೀನ್ 1513ರಲ್ಲಿ ಕೆತ್ತಿದ ಮರದಚ್ಚಿನಲ್ಲಿ ಫಿಲಿಸ್ ಎಂಬವಳು ಅರಿಸ್ಟಾಟಲನ ಬೆನ್ನೇರಿ ಕಡಿವಾಣ ಹಿಡಿದಿದ್ದಾಳೆ. 19ನೇ ಶತಮಾನದ ಕಲ್ಕತ್ತೆಯ ಕಾಳಿಘಾಟ್ ಪಟಗಳಲ್ಲಿ ಹೆಣ್ಣು ಶೋಕಿಲಾಲ ಬಾಬುವನ್ನು ತುಳಿಯುತ್ತಾಳೆ, ಪ್ರಿಯಕರನನ್ನು ಕುರಿ ಮಾಡಿ ಹಗ್ಗ ಹಿಡಿಯುತ್ತಾಳೆ. ಎರಡೂ ಕಡೆ ಉದ್ದೇಶ ಗೇಲಿ: "ನೋಡಿ, ಹೆಂಗಸಿಗೆ ಸೋತರೆ ಹೀಗಾದೀತು." ಗೇಲಿಗೆಂದು ಬರೆದದ್ದನ್ನೇ ಇಂದಿನವರು ಆಸೆಯಿಂದ ನೋಡುತ್ತಾರೆ. ನೀವು ಬರೆಯುವಾಗ ಆ ಹಳೆಯ ವಕ್ರದೃಷ್ಟಿ ಕುಂಚಕ್ಕೆ ಅಂಟದಿರಲಿ.

ನಿಮಗೆ ಬೇಕಾದ ಮಾದರಿ ನಿಮ್ಮೂರ ರಂಗಸ್ಥಳದಲ್ಲೇ ಇದೆ: ಯಕ್ಷಗಾನದ ವೀರ ಹೆಣ್ಣುಗಳ ಕಸೆ ಸ್ತ್ರೀವೇಷ. ಪ್ರಮೀಳೆ, ಶಶಿಪ್ರಭೆ, ಮೀನಾಕ್ಷಿಯರ ನಿಲುವು ನೋಡಿ. ಭಾರ ಎರಡೂ ಹಿಮ್ಮಡಿಯ ಮೇಲೆ, ಎದೆ ಎದುರಿಗೆ, ಕುತ್ತಿಗೆ ಬಾಗದು. ಆ ವೇಷವನ್ನು ಬಹುಕಾಲದಿಂದ ಕಟ್ಟಿದವರು ಗಂಡಸರೇ ಎಂಬುದೂ ನೆನಪಿರಲಿ. ಚಿತ್ರದಲ್ಲಿ ಕ್ಷಿತಿಜವನ್ನು ಅವಳ ಸೊಂಟಕ್ಕಿಂತ ಕೆಳಗಿಡಿ, ಆಗ ನೋಡುವವನೇ ಕೆಳಗಿಂದ ನೋಡಿದಂತಾಗುತ್ತದೆ. ಮುಷ್ಟಿ ಬಿಗಿಸಬೇಡಿ, ಬಿಗಿದ ಮುಷ್ಟಿ ಹೆದರಿದವರದು. ಹಗ್ಗ ಬರೆಯುವಾಗ ಅದು ಚರ್ಮದ ಮೇಲೆಳೆದ ಗೆರೆಯಂತೆ ಕಾಣಬಾರದು. ಎರಡೂ ಬದಿಯಲ್ಲಿ ಮಾಂಸ ಉಬ್ಬಿ, ನೆರಳು ಹಗ್ಗದ ಅಡಿಗೆ ಹೋಗಬೇಕು.

ಒಂದು ಅಡ್ಡಮಾತು. ಅಳಿಯಸಂತಾನದ ನಾಡಾದ್ದರಿಂದ ತುಳುನಾಡಿನಲ್ಲಿ ಹೆಣ್ಣಾಳ್ವಿಕೆ ಮೊದಲಿಂದ ಇತ್ತೆಂದು ಹೇಳುವವರುಂಟು. ವಂಶ ಹೆಣ್ಣಿನ ಕಡೆಯಿಂದ ಹರಿಯುತ್ತಿತ್ತು ನಿಜ. ಮನೆಯ ಯಜಮಾನಿಕೆ ಮಾತ್ರ ಹೆಚ್ಚಾಗಿ ಸೋದರಮಾವನದು. ಮೂಡುಬಿದಿರೆಯ ಚೌಟರ ಅರಮನೆಯ ಕಂಬದಲ್ಲಿ ಒಂಬತ್ತು ಹೆಣ್ಣುಗಳು ಮೈಗೆ ಮೈ ಹೆಣೆದು ಆನೆಯಾಗಿರುವ ನವನಾರಿ ಕುಂಜರವಿದೆ. ಹೋಗಿ ಸ್ಕೆಚ್ ಮಾಡಿ, ಮೈಗಳ ಹೆಣಿಗೆ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಹತ್ತಿರದಲ್ಲಿಲ್ಲ.

ಪ್ರಶ್ನೆ: ಇದು ರೋಗವೇ? ಕಾನೂನು ಏನು ಹೇಳುತ್ತದೆ? — ಸುರತ್ಕಲ್

ಒಪ್ಪಿದ ವಯಸ್ಕರ ನಡುವಿನದು ರೋಗವಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆಂದು ಇದ್ದ ಕಾಯಿಲೆಯ ಹೆಸರನ್ನು ತೆಗೆದುಹಾಕಲಾಗಿದೆ. ಕಾನೂನಿನಲ್ಲಿ 18 ದಾಟಿದವರ ಒಪ್ಪಿಗೆ ಸಣ್ಣಪುಟ್ಟ ನೋವಿಗೆ ಸಲ್ಲುತ್ತದೆ, ಸಾವು ಅಥವಾ ಘೋರ ಗಾಯ ಆಗಬಹುದೆಂದು ಗೊತ್ತಿದ್ದ ಕೆಲಸಕ್ಕೆ ಸಲ್ಲುವುದಿಲ್ಲ. ಎಲುಬು ಮುರಿದರೆ ಅದು ಘೋರ ಗಾಯ.

ಪ್ರಶ್ನೆ: ಆನ್‌ಲೈನಿನಲ್ಲಿ ಸಿಕ್ಕ "ಮಿಸ್ಟ್ರೆಸ್" ಕಾಣಿಕೆ ಎಂದು ಮೊದಲು 2,000 ಕೇಳಿದಳು. ಮಂಡಿಯೂರಿದ ಫೋಟೊ ಕಳಿಸಿದ ಮೇಲೆ 40,000 ಕೇಳುತ್ತಿದ್ದಾಳೆ. ಕೊಡದಿದ್ದರೆ ಮನೆಯವರಿಗೆ ಕಳಿಸುತ್ತಾಳಂತೆ. — ಉಡುಪಿ

ಅವಳು ಹೆಂಗಸು ಎಂಬುದೇ ಖಾತ್ರಿಯಿಲ್ಲ. ಕೊಡಬೇಡಿ, ಕೊಟ್ಟರೆ ಮುಂದಿನ ವಾರ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಬೆದರಿಕೆಯ ಮಾತು, ಪ್ರೊಫೈಲಿನ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕಳಿಸಿದ ಹಣದ ಯುಪಿಐ ವ್ಯವಹಾರ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಬ್ಲಾಕ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ. ನೀವು ಮಂಡಿಯೂರಿದ್ದು ಅಪರಾಧವಲ್ಲ, ಅದನ್ನಿಟ್ಟುಕೊಂಡು ಹಣ ಕೀಳುವುದು ಅಪರಾಧ. ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚಿದರೆ ಐಟಿ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದ ತನಕ ಸೆರೆಯಿದೆ. ಇನ್ನು ಮುಂದೆ ಮುಖ, ಮಚ್ಚೆ, ಕೋಣೆಯ ಕ್ಯಾಲೆಂಡರ್ ಬೀಳುವ ಫೋಟೊ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಚರ್ಮದ ಪಟ್ಟಿಗಳಿಗೆ ಬೂಷ್ಟು, ಹಗ್ಗಕ್ಕೆ ಮುಗ್ಗಲು ವಾಸನೆ. ಪ್ಲಾಸ್ಟಿಕ್ ಚೀಲದಲ್ಲೇ ಇಡುತ್ತೇನೆ. — ಮಣಿಪಾಲ

ಚೀಲದ್ದೇ ತಪ್ಪು, ತೇವ ಒಳಗೇ ಕೂರುತ್ತದೆ. ಬೂಷ್ಟನ್ನು ಒಣಬಟ್ಟೆಯಿಂದ ಮನೆಯ ಹೊರಗೆ ಒರೆಸಿ, ನೆರಳಲ್ಲಿ ಫ್ಯಾನಿನಡಿ ಒಂದು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ. ಹತ್ತಿಯ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಹಗ್ಗಕ್ಕೆ ತೆಂಗಿನೆಣ್ಣೆ ಸವರಿದ್ದರೆ ಮುಗ್ಗಲು ಅಷ್ಟೇ ಅಲ್ಲ, ಕಮಟೂ ಸೇರಿರುತ್ತದೆ. ಕಪ್ಪು ಚುಕ್ಕೆ ಎಳೆಯ ಒಳಗೆ ಇಳಿದಿದ್ದರೆ ಆ ಹಗ್ಗದ ಬಲವನ್ನು ನಂಬಬೇಡಿ. ಕತ್ತರಿಸಿ, ಅಂಗಳದ ಮಲ್ಲಿಗೆ ಬಳ್ಳಿಗೆ ಆಸರೆ ಕಟ್ಟಿ.