ಭೀಮಾ ನೀರು ಏಪ್ರಿಲ್‌ನಲ್ಲಿ ಹಸಿರು, ಆಗಸ್ಟ್‌ನಲ್ಲಿ ಪಾಚಿಯೇ ಇಲ್ಲ – ಯಾಕೆ?

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಗೆ ಕಟ್ಟಿದ ಸೊನ್ನ ಬ್ಯಾರೇಜಿನ ಹಿನ್ನೀರಿನಿಂದ ಆಗಸ್ಟ್‌ನಲ್ಲಿ ತೆಗೆದ ಮಾದರಿಯಲ್ಲಿ ಪಾಚಿ ಸಿಗಲಿಲ್ಲ, ಪಾಚಿ ಸೋಸುವ ಸಣ್ಣ ಕಣ್ಣಿನ ಬಲೆಯ ತಪ್ಪೇ ಎಂದು ಕೇಳಿದ್ದೀರಿ. ಮುಖ್ಯ ಕಾರಣ ಬಲೆಯಲ್ಲ ಸರ್, ಹೊಳೆ. ಎರೆಮಣ್ಣಿನ ರಾಡಿಯಲ್ಲಿ ಬೆಳಕು ಕೆಳಗಿಳಿಯುವುದಿಲ್ಲ. ಪಾಚಿ ಇಮ್ಮಡಿಯಾಗಲು ಒಂದೆರಡು ದಿನವಾದರೂ ಬೇಕು, ಅಷ್ಟರೊಳಗೆ ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ. ಹೊಲಗಳಿಂದ ನೈಟ್ರೇಟ್ ಎಷ್ಟು ಹರಿದು ಬಂದರೂ ಆಗ ಉಪಯೋಗಕ್ಕೆ ಬರದು.

ಚಳಿಗಾಲದಲ್ಲಿ ನೀರು ತಿಳಿಯಾಗಿ ತಂಪಾದಾಗ ಡಯಾಟಮ್‌ಗಳ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ) ಕಾಲ, ಚಿಪ್ಪಿಗೆ ಸಿಲಿಕಾ ಬೇಕು. ಬೇಸಿಗೆಯಲ್ಲಿ ಹರಿವು ನಿಂತು ನೀರು 25 ಡಿಗ್ರಿ ದಾಟಿದರೆ ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿ ಒಳಗಿನ ಗಾಳಿಗುಳ್ಳೆಗಳ ಬಲದಿಂದ ಮೇಲೆ ತೇಲಿ ಕೆನೆಗಟ್ಟುತ್ತದೆ. ಕೆಲವು ತಳಿಗಳು ಯಕೃತ್ತಿಗೆ ವಿಷ, ಅಲ್ಲಿ ದನಕರುಗಳಿಗೆ ನೀರು ಕುಡಿಸಬೇಡಿ.

ಎಣಿಕೆಗೆ ಮಾತ್ರ ಬಲೆ ನಂಬಬೇಡಿ. 20 ಮೈಕ್ರಾನ್ ಕಣ್ಣಿನಿಂದಲೂ ಸಣ್ಣ ಕೋಶಗಳು ಜಾರಿಹೋಗುತ್ತವೆ, ರಾಡಿಯಲ್ಲಿ ಕಣ್ಣೇ ಕಟ್ಟಿಕೊಳ್ಳುತ್ತದೆ. 1 ಲೀಟರ್ ನೀರನ್ನು ಸೋಸದೆ ತುಂಬಿ, ಹಾಲಿಲ್ಲದ ಚಹಾದ ಬಣ್ಣ ಬರುವಷ್ಟು ಕೋಶಗಳನ್ನು ಕೆಡದಂತೆ ಇಡುವ ಲೂಗಾಲ್ ಅಯೋಡಿನ್ ದ್ರಾವಣ (ಸುಮಾರು 5 ಮಿ.ಲೀ.) ಹಾಕಿ, ಕತ್ತಲಲ್ಲಿ 48 ಗಂಟೆ ಅಲುಗಿಸದೆ ಇಡಿ. ಮೇಲಿನ ನೀರನ್ನು ಸಣ್ಣ ಪೈಪಿನಿಂದ ನಿಧಾನ ಎಳೆದು 50 ಮಿ.ಲೀ. ಉಳಿಸಿ, ಅದರಲ್ಲಿ 1 ಮಿ.ಲೀ. ಸೆಡ್ಜ್‌ವಿಕ್-ರಾಫ್ಟರ್ ಸ್ಲೈಡಿಗೆ (ಸೂಕ್ಷ್ಮದರ್ಶಕದಲ್ಲಿ ಕೋಶ ಎಣಿಸುವ ಸ್ಲೈಡ್) ಹಾಕಿ ಎಣಿಸಿ. ಆಗಸ್ಟ್ ಮಾದರಿಯಲ್ಲಿ ಹೂಳು ಕೋಶಗಳನ್ನು ಮುಚ್ಚುತ್ತದೆ, ತೆಳುಮಾಡಿ ನೋಡಿ.

ಏಪ್ರಿಲ್‌ನಲ್ಲಿ ಎಡವಟ್ಟು ಬೇರೆ: ಮೈಕ್ರೋಸಿಸ್ಟಿಸ್ ತಳಕ್ಕಿಳಿಯದೆ ಮೇಲೇ ತೇಲಿ, ಎಳೆದ ನೀರಿನ ಜೊತೆ ಹೊರಹೋಗುತ್ತದೆ. ಆಗ 50 ಮಿ.ಲೀ. ಮಾದರಿ ಸಾಕು, ಸಿರಿಂಜಿಗೆ ತುಂಬಿ, ತುದಿ ಮುಚ್ಚಿ ಗಟ್ಟಿಯಾಗಿ ಒತ್ತಿ. ಒಳಗಿನ ಗಾಳಿಗುಳ್ಳೆ ಕುಸಿದರೆ ಕೋಶಗಳು ಮುಳುಗುತ್ತವೆ.