ಪ್ಲಾಸ್ಟಿಕ್ ಕಂಡರೆ ಬೆದರುವ ಕುದುರೆ

ಪ್ರಶ್ನೆ: ಕಾಡುದಾರಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಾರಿದರೂ ಸಾಕು, ನನ್ನ ಕುದುರೆ ಬೆದರಿ ಪಕ್ಕಕ್ಕೆ ಜಿಗಿಯುತ್ತದೆ. ಏನು ಮಾಡಲಿ?

ಉತ್ತರ: ದಯವಿಟ್ಟು ಹೊಡೆಯಬೇಡಿ. ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ, ಹೆದರೋದು ಅದರ ತಪ್ಪಲ್ಲ ಅಲ್ವಾ? ಸದ್ಯ ಸವಾರಿ ಬೇಡ, ಬಯಲಲ್ಲಿ ಹಗ್ಗ ಹಿಡಿದು ಶುರುಮಾಡಿ. ಚೀಲ ದೂರದಲ್ಲಿರಲಿ. ಕುದುರೆ ಕಿವಿ ನಿಮಿರಿಸಿ, ಹೊಳ್ಳೆ ಅಗಲಿಸಿ ನಿಂತರೆ ನೀವೂ ಅಲ್ಲೇ ನಿಲ್ಲಿ, ಸುಮ್ನೆ ಎಳೆಯಬೇಡಿ. ಅದು ತಲೆ ತಗ್ಗಿಸಿ ದೀರ್ಘವಾಗಿ ಉಸಿರು ಬಿಟ್ಟ ಕೂಡಲೇ ನಾಲ್ಕು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಬನ್ನಿ, ಅದೇ ಅದಕ್ಕೆ ಬಹುಮಾನ. ನಾಳೆ ಇನ್ನೂ ಸ್ವಲ್ಪ ಹತ್ತಿರ. ಎಡಗಡೆ ರೂಢಿಯಾದದ್ದನ್ನು ಬಲಗಡೆಯಿಂದಲೂ ತೋರಿಸಿ, ಇದನ್ನೇ ಜಾಸ್ತಿ ಜನ ಮರೆಯುತ್ತಾರೆ. ಸದ್ದಿಗೂ ಹೀಗೇ, ಮೊದಲು ದೂರದಿಂದ, ಮೆಲ್ಲಗೆ. ಮತ್ತೆ ದಾರಿಗಿಳಿದಾಗ ಅಂಜದ ಹಳೆಯ ಕುದುರೆಯೊಂದು ಮುಂದಿರಲಿ.